ಕಂಬಕ್ಕೂ ಒಂದು ಕಪ್ ಕಷಾಯ

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ಗೋಡೆಗೆ ತೂಗುಹಾಕಿದ ಪರವಾನಗಿ ಪತ್ರ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬರಲಿಲ್ಲ. ಮೂವತ್ತೆಂಟು ವರ್ಷ ಒಂದೇ ಕೋಣೆಯಲ್ಲಿ, ಒಂದೇ ತಿರುಗುವ ಸ್ಟೂಲಿನ ಎದುರು ನಿಂತು, ಬಂದು ಕೂತವರಿಗೆಲ್ಲ "ಅಲ್ಲಾಡಬೇಡಿ, ನಗಬೇಡಿ" ಎಂದು ಹೇಳಿದ ಮನುಷ್ಯನಿಗೆ ಜನ ಇನ್ನೇನು ಹೆಸರಿಟ್ಟಾರು? ಅಲ್ಲಾಡಬೇಡಿ ಮಾಮ ಎಂದರು. ದಾರಿ ಕೇಳಿದವರಿಗೆ "ಗುರುತಿನ ಚೀಟಿ ಕೊಡೋ ಆಫೀಸಿನ ಎದುರಿಗೇ ಇದೆ, ಅಲ್ಲಾಡಬೇಡಿ ಮಾಮನ ಸ್ಟುಡಿಯೋ" ಎನ್ನುತ್ತಿದ್ದರು. ಅಂಥವರಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಕೈ ಅಲ್ಲಾಡುವ ಕಾಯಿಲೆಯೇ ಬಂತು. ಊರಲ್ಲಿ ಇನ್ಯಾರೂ ಸಿಗಲಿಲ್ಲವೇ ಎಂದು ಕೇಳೋಣವೆಂದರೆ ಕಾಯಿಲೆಗೆ ಕಿವಿ ಎಲ್ಲಿದೆ?

ಎದುರಿನ ಆಫೀಸಿನಲ್ಲಿ ಒಬ್ಬ ಗುಮಾಸ್ತರಿದ್ದರು. ಫೋಟೋದಲ್ಲಿ ಹಲ್ಲು ಕಾಣಬಾರದು, ತುಟಿಯ ತುದಿ ಮೇಲೇಳಬಾರದು, ಕಣ್ಣಲ್ಲೂ ಸಂತೋಷ ಇರಬಾರದು ಎಂಬ ನಿಯಮವನ್ನು ಅವರು ತಮ್ಮ ಮನೆದೇವರಂತೆ ಕಾಯುತ್ತಿದ್ದರು. ಭೂತಗನ್ನಡಿ ಹಿಡಿದು ಒಂದೊಂದು ಫೋಟೋವನ್ನೂ ನೋಡಿ, "ಇಲ್ಲಿ ಎಡಗಡೆ ಸ್ವಲ್ಪ ನಗು ಇದೆ, ತೆಗೆಸ್ಕೊಂಡು ಬನ್ನಿ" ಎಂದು ವಾಪಸು ಕಳಿಸುತ್ತಿದ್ದರು. ಹಾಗಾಗಿ ಬಂದವರ ಮುಖದಿಂದ ನಗುವನ್ನು ಒರೆಸಿ ತೆಗೆಯುವುದೇ ಮಾಮನ ನಿಜವಾದ ಕಸುಬು. ಫೋಟೋ ತೆಗೆಯುವುದು ಆಮೇಲಿನ ಮಾತು.

ಆ ಕಸುಬಿಗೆ ಕಲ್ಲು ಹಾಕುವವರು ಮನೆಯಲ್ಲೇ ಇದ್ದರು. ಮಾಮನ ಹೆಂಡತಿ ಕೌಂಟರಿನ ಹಿಂದೆ ಕೂತು, ತೊಳೆದು ಒಣಗಿಸಿದ ಫೋಟೋಗಳನ್ನು ಎಂಟೆಂಟಾಗಿ ಕತ್ತರಿಸಿ ಕವರಿಗೆ ತುಂಬುತ್ತಿದ್ದರು. ಜನ ಅವರನ್ನು ಕತ್ತರಿಯಮ್ಮ ಎನ್ನುತ್ತಿದ್ದುದು ಕೈಯಲ್ಲಿದ್ದ ಕತ್ತರಿಗಾಗಿ ಎಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ಬಾಯಿಯ ವಿಷಯ ಗೊತ್ತಿತ್ತು. ಪೊಲೀಸಿನವರೊಬ್ಬರು ಮೀಸೆ ಬಿಗಿದು ಸ್ಟೂಲಿನ ಮೇಲೆ ಕೂತರೆ ಕತ್ತರಿಯಮ್ಮ ತಲೆ ಎತ್ತದೆ, "ನಿನ್ನೆ ಕೂತಿದ್ದೋರೂ ಹೀಗೇ ಬಿಗ್ಕೊಂಡಿದ್ರು ಸಾರ್. ಆಮೇಲೆ ಪೇಪರ್ ನೋಡಿದ್ರೆ, ನೀವು ಹುಡುಕ್ತಿರೋದು ಅವ್ರನ್ನೇ" ಎನ್ನುತ್ತಿದ್ದರು. ಹೆಣ್ಣಿನ ಮನೆಯವರಿಗೆ ಕಳಿಸಲೆಂದು ಫೋಟೋ ತೆಗೆಸಲು ಬಂದ ಗಂಡಿಗೆ, "ಮುಖ ಸ್ವಲ್ಪ ಈ ಕಡೆ ಮಾಡಪ್ಪ. ಇನ್ನೂ ಸ್ವಲ್ಪ. ಹಾಂ, ಈಗ ಎದ್ದು ಹಾಗೇ ಬಾಗಿಲಿಂದ ಆಚೆ ಹೋಗಿ ನಿನ್ನ ತಮ್ಮನ್ನ ಕಳ್ಸು" ಎನ್ನುತ್ತಿದ್ದರು.

ಗಿರಾಕಿಗಳು ನಗುವುದು ಹಾಗಿರಲಿ, ಮಾಮನೇ ನಕ್ಕುಬಿಡುತ್ತಿದ್ದರು. ಆಗಿನ ಕ್ಯಾಮೆರಾ ಎಂದರೆ ಮೂರು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ, ಹಿಂದುಗಡೆ ಕಪ್ಪು ಬಟ್ಟೆ. ಅದರೊಳಗೆ ತಲೆ ತೂರಿಸಿ ಗುರಿ ಹಿಡಿಯುವ ಹೊತ್ತಿಗೇ ಸರಿಯಾಗಿ ಹೆಂಡತಿ ಮಾತು ಎಸೆಯುತ್ತಿದ್ದರು. ಗಿರಾಕಿಯ ಎದುರು ಫೋಟೋಗ್ರಾಫರ್ ಹಲ್ಲು ಕಿರಿದರೆ ಅಂಗಡಿಯ ಮರ್ಯಾದೆ ಏನಾದೀತು? ಮಾಮ ತುಟಿ ಕಚ್ಚಿ ಸದ್ದಿಲ್ಲದೆ ನಗುತ್ತಿದ್ದರು. ಹೊರಗೆ ಮಾತ್ರ ಆ ಕಪ್ಪು ಬಟ್ಟೆ ಗಡಗಡ ಅಲ್ಲಾಡುತ್ತಿತ್ತು. ಕತ್ತರಿಯಮ್ಮ ಕತ್ತರಿ ಕೆಳಗಿಟ್ಟು, ಬಟ್ಟೆಯನ್ನೇ ನೋಡುತ್ತ, ಬಹುಮಾನ ಬಂದವರ ಹಾಗೆ ಕೂತಿರುತ್ತಿದ್ದರು. ಅಂಥ ದಿನ ತೆಗೆದ ಫೋಟೋಗಳಲ್ಲಿ ಮುಖಕ್ಕೆ ನಾಲ್ಕು ಕಣ್ಣು ಬರುತ್ತಿದ್ದವು, ಗೋಡೆ ಎರಡಾಗುತ್ತಿತ್ತು. ಕೆಟ್ಟುಹೋದ ಆ ಫೋಟೋಗಳನ್ನೆಲ್ಲ ಆಕೆ ಒಂದು ಮೇಜಿನ ಖಾನೆಯಲ್ಲಿ ಕೂಡಿಟ್ಟಿದ್ದರು. ಬಿಸಾಡೋಣ ಎಂದರೆ, "ಮುಟ್ಟಬೇಡಿ, ಅವು ನನ್ನ ಪದಕಗಳು" ಎನ್ನುತ್ತಿದ್ದರು.

ಕಾಯಿಲೆ ಮೊದಲು ಎಡಗೈ ಹೆಬ್ಬೆರಳಿಗೆ ಬಂತು. ಯಾರೋ ಕಾಣದವರ ಜೊತೆ ಕೂತು ಬೀಡಿ ಸುತ್ತುತ್ತಿದೆಯೋ ಎಂಬಂತೆ ಅದು ತನ್ನ ಪಾಡಿಗೆ ತಿರುಗುತ್ತಿತ್ತು. ಆಮೇಲೆ ಹೆಜ್ಜೆ ಚಿಕ್ಕದಾಯಿತು. ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಗಿ, ರಸೀತಿಯ ಕೊನೆಗೆ ಬರುವಷ್ಟರಲ್ಲಿ ಕಾಣದೇ ಹೋಗುತ್ತಿತ್ತು. ದನಿ ತಗ್ಗಿತು. ನರರೋಗದ ಡಾಕ್ಟರಮ್ಮ ಪರೀಕ್ಷೆ ಮಾಡಿ ಪಾರ್ಕಿನ್ಸನ್ ಎಂದರು, ಮಾತ್ರೆ ಬರೆದರು. ಮಾತ್ರೆಯಿಂದ ಕಾಲು ಸಡಿಲವಾಯಿತು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಂತು. ಬಾರದೇ ಉಳಿದದ್ದು ಒಂದೇ, ಮುಖ. ಅದು ತಣ್ಣಗೆ, ಬೀಗ ಹಾಕಿದ ಮನೆಯ ಹಾಗೆ ಇದ್ದುಬಿಟ್ಟಿತು.

"ಇದು ಸಿಟ್ಟಲ್ಲಮ್ಮ, ಬೇಜಾರೂ ಅಲ್ಲ" ಎಂದು ಡಾಕ್ಟರಮ್ಮ ಕತ್ತರಿಯಮ್ಮನಿಗೆ ಹೇಳಿದ್ದರು. "ಮುಖದ ಸ್ನಾಯುಗಳು ಬಿಗಿಯಾಗಿರ್ತವೆ. ಒಳಗೆ ಎಲ್ಲಾ ಇರತ್ತೆ, ಹೊರಗೆ ಬರಲ್ಲ ಅಷ್ಟೆ."

ಕತ್ತರಿಯಮ್ಮ ತಲೆಯಾಡಿಸಿದರು. ಆದರೆ ತಿಳಿವಳಿಕೆ ಬೇರೆ, ಹೊಟ್ಟೆಯೊಳಗಿನ ಸಂಕಟ ಬೇರೆ.

ಅದು ಹೊರಬಿದ್ದದ್ದು ಹಲ್ಲುಸೆಟ್ಟಿನ ಕಥೆಯ ದಿನ. ಕತ್ತರಿಯಮ್ಮನ ಅಕ್ಕನ ಗಂಡ ಕಟ್ಟಿಸಿದ ಹಲ್ಲು ತರಲು ಹೋಗಿ, ಕನ್ನಡಕ ಮರೆತಿದ್ದರಿಂದ ಇನ್ಯಾರದೋ ಸೆಟ್ಟು ಹಾಕಿಕೊಂಡು ಬಂದಿದ್ದರು. ಹಲ್ಲಿನ ಅಂಗಡಿಯವನು ಫೋನು ಮಾಡಿ, ಅಸಲು ಮಾಲೀಕ ಬಾಯಿ ಮುಚ್ಚಿಕೊಂಡು ಇಲ್ಲೇ ಕೂತಿದ್ದಾನೆ, ಬೇಗ ತನ್ನಿ ಎಂದರೆ ಭಾವ, "ನಾಳೆ ಒಂದು ಮದುವೆ ಊಟ ಇದೆ. ಮುಗಿಸಿ ತೊಳೆದು ಕೊಡ್ತೀನಿ ಅಂತ ಅವ್ರಿಗೆ ಹೇಳಿ" ಎಂದರಂತೆ. ಕತ್ತರಿಯಮ್ಮ ಇದನ್ನು ಭಾವನ ದನಿಯಲ್ಲಿ, ಹಲ್ಲಿನವನ ದನಿಯಲ್ಲಿ, ಕೊನೆಗೆ ಹಲ್ಲಿಲ್ಲದ ಮಾಲೀಕನ ಮೌನದಲ್ಲೂ ಅಭಿನಯಿಸಿ ತೋರಿಸಿದರು. ಮಾಮನಿಗೆ ಒಳಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಹೊರಗೆ ಒಂದು ರೆಪ್ಪೆಯೂ ಅಲುಗಲಿಲ್ಲ.

ಆಕೆ ಕಾದರು. ಮಾಮ ಸಣ್ಣ ದನಿಯಲ್ಲಿ, "ನಾನು ನಕ್ಕೆ" ಎಂದರು.

"ಏನಂದ್ರಿ?"

"ನಕ್ಕೆ ಕಣೇ. ಒಳಗೆ."

"ನಕ್ಕೆ ಅಂತ ಬಾಯಲ್ಲಿ ಹೇಳೋ ನಗು ಯಾವ ಸೀಮೆ ನಗು ರೀ? ಕೋರ್ಟಲ್ಲಿ ಸಾಕ್ಷಿ ಹೇಳಿದ ಹಾಗಿದೆ." ಇಷ್ಟು ಹೇಳಿ ಆಕೆ ಅಡುಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು. ಮಾಮನಿಗೆ ಎದ್ದು ಹೋಗಿ ಏನಾದರೂ ಹೇಳಬೇಕೆನಿಸಿತು. ಆದರೆ ಎದ್ದು, ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡು ನಿಂತು, ಮತ್ತೆ ಹೊರಡುವಷ್ಟರಲ್ಲಿ ನಲ್ಲಿ ನಿಂತಿತ್ತು.

ಅಂದಿನಿಂದ ಕತ್ತರಿಯಮ್ಮ ತಮಾಷೆ ನಿಲ್ಲಿಸಿದರು. ಶಪಥವೇನೂ ಮಾಡಲಿಲ್ಲ, ಜಗಳವೂ ಇಲ್ಲ. ಅಕ್ಕಿ ಮುಗಿದಿದೆ, ಮಾತ್ರೆ ತಗೊಂಡ್ರಾ, ಬಾಗಿಲು ಹಾಕ್ಲಾ, ಇಷ್ಟೇ ಮಾತು. ಮಾತು ಬೆಳ್ಳಿ, ಮೌನ ಬಂಗಾರ ಎಂದವನು ಯಾರೋ, ಆ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ನಾಲ್ಕು ತಿಂಗಳು ಹೀಗೇ ಕಳೆಯಿತು. ಮಾಮನಿಗೆ ಕೈ ನಡುಗುವುದು, ಕಾಲು ಎಳೆಯುವುದು ಎಲ್ಲ ಸಹ್ಯವಾಗಿತ್ತು. ಇದೊಂದು ಆಗಲಿಲ್ಲ. ಒಂದೇ ಒಂದು ಸಲ, ಅವಳ ಎದುರು, ಅವಳ ಮಾತಿಗೆ ಈ ದರಿದ್ರ ಮುಖ ನಗಬೇಕು. ಆಮೇಲೆ ಏನಾದರೂ ಆಗಲಿ ಎಂದು ಅವರು ಕನ್ನಡಿಯ ಮುಂದೆ ನಿಂತು ಬೆರಳಿನಿಂದ ತುಟಿಯ ತುದಿಗಳನ್ನು ಮೇಲೆ ತಳ್ಳಿ ನೋಡುತ್ತಿದ್ದರು. ಬೆರಳು ತೆಗೆದ ಕೂಡಲೇ ಎರಡೂ ಪರದೆಯ ಹಾಗೆ ಕೆಳಗಿಳಿಯುತ್ತಿದ್ದವು.

ಅದೇ ಹೊತ್ತಿಗೆ ಮಾಮನ ಗುರುತಿನ ಚೀಟಿಯ ಅವಧಿ ಮುಗಿದು, ಹೊಸ ಫೋಟೋ ಕೊಡಬೇಕಾಯಿತು. ಎದುರಿನ ಆಫೀಸಿನ ಗುಮಾಸ್ತರು ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಿ ಕೆಳಗಿಟ್ಟರು, ಎದ್ದು ನಿಂತರು. "ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ಇಂಥ ಫೋಟೋ ನೋಡಿಲ್ಲ. ಏನೂ ಇಲ್ಲ ಇದ್ರಲ್ಲಿ! ಒಂದು ಚೂರೂ ಏನೂ ಇಲ್ಲ!" ಎಂದು ಹೊಗಳಿ, ಒಂದು ಪ್ರತಿಯನ್ನು ದೊಡ್ಡದು ಮಾಡಿಸಿ 'ನಿಮ್ಮ ಫೋಟೋ ಹೀಗಿರಲಿ' ಎಂಬ ಬರಹದ ಕೆಳಗೆ ನೋಟಿಸ್ ಬೋರ್ಡಿಗೆ ಅಂಟಿಸಿದರು. ದಿನವೂ ನೂರಾರು ಜನ ಆ ಮುಖ ನೋಡಿ ತಮ್ಮ ಮುಖ ಸರಿಮಾಡಿಕೊಂಡು ಹೋಗುತ್ತಿದ್ದರು. ಗಂಡನಿಗೆ ಸಿಕ್ಕ ಈ ಸನ್ಮಾನದ ಬಗ್ಗೆ ಕತ್ತರಿಯಮ್ಮ ಏನೂ ಹೇಳಲಿಲ್ಲ. ಹಿಂದೆ ಆಗಿದ್ದರೆ ಒಂದು ತಿಂಗಳಿಗಾಗುವಷ್ಟು ಸರಕು ಅದರಲ್ಲಿತ್ತು.

ಆ ನೋಟಿಸ್ ಬೋರ್ಡಿನ ಮುಖವನ್ನು ಹುಡುಕಿಕೊಂಡು ಬಂದವರೇ ಟೈ ಸಾಹೇಬರು. ಮೂವತ್ತರ ಹರೆಯ, ಹೊಳೆಯುವ ಟೈ, ಕೈಯಲ್ಲಿ ಹಸಿರು ಡಬ್ಬಗಳ ಪೆಟ್ಟಿಗೆ. 'ನಿಷ್ಕಂಪ' ಎಂಬ ಗಿಡಮೂಲಿಕೆ ಪುಡಿಯ ಕಂಪನಿಯವರು. "ಬೋರ್ಡಲ್ಲಿ ನೋಡಿದ ತಕ್ಷಣ ಗೊತ್ತಾಯ್ತು ಸಾರ್, ಇದು ನಮ್ಮ ಕಾಯಿಲೆ ಮುಖ ಅಂತ" ಎಂದು ಕೈ ಕುಲುಕಲು ಬಂದು, ಕೈ ಆಗಲೇ ಕುಲುಕುತ್ತಿದ್ದುದನ್ನು ನೋಡಿ ಇನ್ನಷ್ಟು ಖುಷಿಪಟ್ಟರು. ಮೂವತ್ತೆರಡು ಮೂಲಿಕೆ, ಹದಿನೈದು ದಿನ, ಬೆಳಿಗ್ಗೆ ಒಂದು ಚಮಚ ಸಾಕು ಎಂದರು.

"ಮುಖ?" ಎಂದು ಕತ್ತರಿಯಮ್ಮ ಕೌಂಟರಿನ ಹಿಂದಿನಿಂದ ಕೇಳಿದರು. "ಮುಖದಲ್ಲಿ ನಗು ಬರತ್ತಾ?"

"ಅಮ್ಮಾ, ನಗು ನಿಲ್ಲಿಸೋಕೆ ನೀವೇ ಫೋನ್ ಮಾಡ್ತೀರಿ."

ಡಾಕ್ಟರಮ್ಮನಿಗೆ ಡಬ್ಬ ತೋರಿಸಿದಾಗ ಅವರು ಕನ್ನಡಕ ಏರಿಸಿ, ಸುತ್ತ ತಿರುಗಿಸಿ ಓದಿದರು. "ಮೂವತ್ತೆರಡು ಅಂತ ಬರ್ದಿದ್ದಾರೆ, ಯಾವುವು ಅಂತ ಬರ್ದಿಲ್ಲ. ಕೆಲವು ಬೀಜಗಳಲ್ಲಿ ನಾನು ಕೊಡೋ ಔಷಧಿಯೇ ಇರತ್ತೆ, ಎಷ್ಟಿದೆ ಅಂತ ಗೊತ್ತಿಲ್ಲದೆ ಎರಡೂ ಸೇರಿದ್ರೆ ಕಷ್ಟ. ನನ್ನ ಕೇಳಿದ್ರೆ ಬೇಡ ಅಂತೀನಿ. ಕುಡಿದೇ ಕುಡೀತೀವಿ ಅಂದ್ರೆ ನನಗೆ ಹೇಳಿ ಕುಡೀರಿ. ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಬೇಡಿ." ಬೇಡ ಎಂಬ ಮಾತು ಮುಳುಗುತ್ತಿರುವವರ ಕಿವಿಗೆ ಬೀಳುವುದು ಕಷ್ಟ, ಅವರು ಹುಲ್ಲುಕಡ್ಡಿಯ ಉದ್ದ ಅಳೆಯುತ್ತಿರುತ್ತಾರೆ.

ಪುಡಿಗೆ ಒದ್ದೆ ಗೋಣಿಚೀಲದ ರುಚಿ ಇತ್ತು. ಮಾಮ ಪ್ರತಿದಿನ ಬೆಳಿಗ್ಗೆ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಕತ್ತರಿಯಮ್ಮ ಎದುರಿಗೆ ಕೂತು, ಒಲೆಯ ಮೇಲಿನ ಹಾಲು ಯಾವಾಗ ಉಕ್ಕೀತೋ ಎಂದು ಕಾಯುವವರ ಹಾಗೆ ಅವರ ಮುಖ ನೋಡುತ್ತಿದ್ದರು. ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಹೊಟ್ಟೆ ಮಾತ್ರ ಗಡಿಯಾರದಂತೆ ಶುದ್ಧವಾಗುತ್ತಿತ್ತು. ಮುಖ ಹಾಗೇ ಇತ್ತು.

ಟೈ ಸಾಹೇಬರು ಧೈರ್ಯ ಹೇಳಿದರು. "ಭಾನುವಾರ ಅನುಭವ ಸಭೆ ಇದೆ. ಬೇರೆಯವರ ಅನುಭವ ಕೇಳಿದ್ರೆ ನಿಮಗೂ ನಂಬಿಕೆ ಬರತ್ತೆ. ನಂಬಿಕೆ ಬಂದ್ರೆ ಪುಡಿ ಕೆಲಸ ಮಾಡತ್ತೆ. ಫೋಟೋನೂ ನೀವೇ ತೆಗೀಬೇಕು ಸಾರ್. ಕುಡಿಯೋದಕ್ಕೆ ಮೊದಲು ಒಂದು, ಕುಡಿದ ಮೇಲೆ ಒಂದು. ಸ್ಟ್ಯಾಂಡ್ ಬೇಡ, ಕೈಯಲ್ಲೇ ಹಿಡ್ಕೊಂಡು ತೆಗೀರಿ, ಸಹಜವಾಗಿ ಬರತ್ತೆ. ಆಮೇಲೆ ಎಲ್ಲರೂ ಖಾಲಿ ಹೊಟ್ಟೇಲಿ ಬರಬೇಕು, ಬೇರೆ ಏನೂ ಒಳಗೆ ಹೋಗಿರಬಾರದು."

ಕೈ ನಡುಗುವ ಫೋಟೋಗ್ರಾಫರನ ಕೈಗೆ ಸ್ಟ್ಯಾಂಡ್ ಇಲ್ಲದ ಕ್ಯಾಮೆರಾ ಕೊಟ್ಟು, ನಡುಗುವವರ ಫೋಟೋ ತೆಗೆಸುವ ಯೋಚನೆ ಯಾವ ತಲೆಗೆ ಬರುತ್ತದೋ, ಆ ತಲೆಗೇ ಒಂದು ಡಬ್ಬ ಪುಡಿ ಕೊಡಬೇಕು. ಮಾಮನಿಗೆ ಹೀಗೆ ಅನ್ನಿಸಿತು. ಆದರೆ ಹೇಳಲು ದನಿ ಸಾಲಲಿಲ್ಲ, ಮುಖವಂತೂ ಒಪ್ಪಿಗೆಯೋ ಅಲ್ಲವೋ ಯಾರಿಗೂ ತೋರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಕಂಪನಿಯ ವ್ಯಾನು ಬಂದು ಇಬ್ಬರನ್ನೂ ಒಂದು ಸಭಾಂಗಣಕ್ಕೆ ಹೊತ್ತೊಯ್ದಿತು. ಮಡಚುವ ಕುರ್ಚಿಗಳು, ಒಂದು ಬಿಳಿ ಪರದೆ, ನಡುವೆ ಚಾವಣಿಗೆ ಆನಿಸಿದ ದಪ್ಪ ಕಂಬ, ಕಂಬಕ್ಕೊಂದು ಗಡಿಯಾರ. ಸುಮಾರು ನಲವತ್ತು ಜನ ರೋಗಿಗಳು, ಜೊತೆಗೆ ಅವರ ಮನೆಯವರು. ಕತ್ತರಿಯಮ್ಮನನ್ನು ಬಾಗಿಲ ಹತ್ತಿರ ಹೆಸರು ಬರೆಯಲು ಕೂರಿಸಿದರು. ಬೆಳಕು ಚೆನ್ನಾಗಿದೆ ಎಂದು ಒಬ್ಬೊಬ್ಬರನ್ನೇ ಕಂಬದ ಮುಂದೆ ನಿಲ್ಲಿಸಿ ಮಾಮ 'ಮೊದಲು' ಫೋಟೋ ತೆಗೆಯತೊಡಗಿದರು. ಎಂಟು ಗಂಟೆಯ ಮಾತ್ರೆ ಇನ್ನೂ ಹೆಂಡತಿಯ ಚೀಲದಲ್ಲೇ ಇತ್ತು. ಖಾಲಿ ಹೊಟ್ಟೆ ಎಂದರೆ ಖಾಲಿ ಹೊಟ್ಟೆ ಎಂದು ನಂಬಿದ ಆ ಮನುಷ್ಯ ಅದನ್ನು ಕೇಳಿಯೇ ಇರಲಿಲ್ಲ. ಕೈಯಲ್ಲಿದ್ದ ಕ್ಯಾಮೆರಾ ಬಲೆಗೆ ಸಿಕ್ಕ ಹಕ್ಕಿಯಂತೆ ಒದ್ದಾಡುತ್ತಿತ್ತು. ಬಾಯಿ ಮಾತ್ರ ಅಭ್ಯಾಸಬಲದಿಂದ "ಅಲ್ಲಾಡಬೇಡಿ" ಎನ್ನುತ್ತಿತ್ತು. ಎದುರು ನಿಂತವರು ಪಾಪ, ಮಾಮನ ಕೈ ನೋಡಿ ತಮ್ಮ ಕೈ ಬಿಗಿ ಹಿಡಿದುಕೊಳ್ಳುತ್ತಿದ್ದರು.

ಟೈ ಸಾಹೇಬರು ಕ್ಯಾಮೆರಾದಲ್ಲಿ ಬಂದದ್ದನ್ನು ನೋಡಿ ಕುಣಿಯುವುದೊಂದು ಬಾಕಿ. "ಅದ್ಭುತ ಸಾರ್! ನಡುಕ ಎಷ್ಟು ಚೆನ್ನಾಗಿ ಕಾಣ್ತಿದೆ!" ಎಂದು ಅವನ್ನೆಲ್ಲ ಪರದೆಯ ಮೇಲೆ ದೊಡ್ಡದಾಗಿ ಬಿಟ್ಟರು.

ಹತ್ತು ಗಂಟೆಗೆ ಕತ್ತರಿಯಮ್ಮನಿಗೆ ಮಾತ್ರೆಯ ನೆನಪಾಯಿತು. ಓಡಿಬಂದು, "ಯಾರ ಅಪ್ಪಣೆ ಕೇಳಿ ಬಿಟ್ರಿ ಇದನ್ನ?" ಎಂದು ಗದರಿ ಅಲ್ಲೇ ನುಂಗಿಸಿದರು. ಮಾಮನಿಗೆ ಆ ಗದರಿಕೆ ಹಿತವಾಗಿತ್ತು. ನಾಲ್ಕು ತಿಂಗಳಲ್ಲಿ ಆಕೆ ಅವರೊಡನೆ ಆಡಿದ ಅತಿ ಉದ್ದದ ಮಾತು ಅದು.

ಎಲ್ಲರ ಕೈಗೂ ಪುಡಿಯ ಕಷಾಯ ಬಂತು. ಸಭೆಗೆ ಗೌರವ ಇರಲೆಂದು ಪಿಂಗಾಣಿಯ ಕಪ್, ಸಾಸರು. ಅನುಭವ ಹೇಳುವವರು ಒಬ್ಬೊಬ್ಬರಾಗಿ ಮೈಕಿನ ಹತ್ತಿರ ಬಂದರು. ಮೊದಲು ನಿವೃತ್ತ ಬಸ್ ಕಂಡಕ್ಟರು.

"ಮೊದ್ಲು ನಾಲ್ಕು ದಿನಕ್ಕೊಂದು ಸಲ ಹೋಗ್ತಿದ್ದೆ. ಈಗ ಬೆಳಿಗ್ಗೆ ಆರಕ್ಕೆ ಸರಿಯಾಗಿ. ಟೈಮ್ ತಪ್ಪಲ್ಲ."

"ಕೈ ನಡುಕ ಸಾರ್?" ಎಂದು ಟೈ ಸಾಹೇಬರು ನೆನಪಿಸಿದರು.

"ಅದಿದೆ. ಅದೂ ಟೈಮ್ ತಪ್ಪಲ್ಲ."

ಆಮೇಲೆ ಬಂದ ಡ್ರಿಲ್ ಮೇಷ್ಟ್ರು, ತಮಗೆ ಮೂರು ವರ್ಷದಿಂದ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ, ಈಗ ಒಂದು ವಾಸನೆ ಗೊತ್ತಾಗುತ್ತಿದೆ ಎಂದರು. ಯಾವುದು ಎಂದರೆ ಈ ಪುಡಿಯದೇ. ಬಟ್ಟೆ ಹೊಲಿಯುವ ಅಜ್ಜಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಸುಳ್ಳು ಯಾಕೆ ಹೇಳ್ಲಿ ಮಗಾ, ನಾನು ಕುಡೀಲಿಲ್ಲ. ನಮ್ಮ ಸೊಸೆ ಕುಂಡಕ್ಕೆ ಹಾಕಿದ್ಲು. ಗುಲಾಬಿ ಮಾತ್ರ ಇಷ್ಟಿಷ್ಟು ದಪ್ಪ ಬಿಟ್ಟಿದೆ" ಎಂದರು. ಟೈ ಸಾಹೇಬರು ತಮ್ಮ ಅನುಭವ ಪತ್ರದಲ್ಲಿ 'ಒಳ್ಳೆಯ ಬೆಳವಣಿಗೆ' ಎಂದು ಬರೆದುಕೊಂಡರು.

"ಈಗ ನಮ್ಮ ಫೋಟೋ ಸಾಹೇಬರ ಮನೆಯವರು!"

ಕತ್ತರಿಯಮ್ಮ ಎದ್ದು ಹೋದರು. ಮಾಮ ಮೊದಲ ಸಾಲಿನಲ್ಲಿ ಕಪ್, ಸಾಸರು ಹಿಡಿದು ಕೂತಿದ್ದರು. ಆಕೆ ಏನು ಹೇಳಲಿದ್ದಾರೆಂದು ಅವರಿಗೆ ಗೊತ್ತಿತ್ತು. ಹೆಸರು ಬರೆಯುವಾಗಲೇ ಮೂರು ಸಲ ಅಭ್ಯಾಸ ಮಾಡಿದ್ದರು. ನನ್ನ ಗಂಡನ ಮುಖದಲ್ಲಿ ನಗು ಇನ್ನೂ ಬಂದಿಲ್ಲ, ಎಷ್ಟು ಡಬ್ಬ ಕುಡಿಸಿದರೆ ಬರುತ್ತದೆ, ದಯವಿಟ್ಟು ಹೇಳಿ. ಇಷ್ಟು ಜನರೆದುರು ಆಕೆ ಅದನ್ನು ಬೇಡುವುದನ್ನು ಕೇಳಬೇಕಲ್ಲ ಎಂದು ಮಾಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಕತ್ತರಿಯಮ್ಮ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. "ನಮ್ಮ ಯಜಮಾನ್ರು..." ಎಂದು ಶುರುಮಾಡಿ, ಪಕ್ಕದ ಪರದೆಯತ್ತ ನೋಡಿ ನಿಂತರು. ಪರದೆಯ ಮೇಲೆ ಬಸ್ ಕಂಡಕ್ಟರ ಫೋಟೋ. ಕಂಡಕ್ಟರು ಇಬ್ಬರಾಗಿದ್ದರು. ಹಿಂದಿನ ಗಡಿಯಾರಕ್ಕೆ ಆರು ಮುಳ್ಳು. ಕಂಬ ತಲೆಯಿಂದ ಕಾಲಿನವರೆಗೆ ಗಡಗಡ ನಡುಗುತ್ತಿತ್ತು.

ಮೂವತ್ತೆಂಟು ವರ್ಷ ಅಂಥ ಫೋಟೋ ಕಂಡ ಕಣ್ಣು ಅದು. ಯಾರು ನಡುಗಿದ್ದೆಂದು ಅದಕ್ಕೆ ಹೇಳಿಕೊಡಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕತ್ತರಿಯಮ್ಮ ಟೈ ಸಾಹೇಬರತ್ತ ತಿರುಗಿ ಬಹಳ ಕಾಳಜಿಯಿಂದ ಕೇಳಿದರು:

"ಸಾರ್, ಈ ಕಂಬಕ್ಕೆ ಎಷ್ಟು ದಿನದಿಂದ ಕಾಯಿಲೆ?"

"ಏನಮ್ಮ?"

"ಅಲ್ಲ, ಕಂಡಕ್ಟ್ರಿಗಿಂತ ಕಂಬ ಜಾಸ್ತಿ ನಡುಗ್ತಾ ಇದೆ. ಗಡಿಯಾರಕ್ಕೂ ಅಂಟಿದೆ. ಪಾಪ, ಚಾವಣಿ ಹೊತ್ಕೊಂಡಿರೋ ಜೀವ. ಅದಕ್ಕೂ ಒಂದು ಕಪ್ ಕಷಾಯ ಕೊಡಿ ಸಾರ್, ಬಿದ್ದುಗಿದ್ದೀತು."

ಸಭೆಯಲ್ಲಿ ಯಾರೂ ನಗಲಿಲ್ಲ. ನಲವತ್ತು ಮುಖಗಳು ನಲವತ್ತು ಗೋಡೆಗಳ ಹಾಗೆ ಆಕೆಯನ್ನು ನೋಡುತ್ತಿದ್ದವು. ಮನೆಯವರು ಕೂಡ, ರೋಗಿಗಳೇ ಸುಮ್ಮನಿರುವಾಗ ತಾವು ನಗುವುದು ಹೇಗೆಂದು ತುಟಿ ಬಿಗಿಹಿಡಿದಿದ್ದರು. ಎಲ್ಲ ಕಡೆ ಇದೇ ಹಣೆಬರಹ ಎಂದು ಕತ್ತರಿಯಮ್ಮನ ಮುಖ ಸಣ್ಣದಾಯಿತು.

ಆಗ ಸದ್ದು ಶುರುವಾಯಿತು. ಮೊದಲು ಎಲ್ಲೋ ಒಂದು ಕಪ್ ತನ್ನ ಸಾಸರಿನ ಮೇಲೆ ಕಿಣಿಕಿಣಿ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಕಂಡಕ್ಟರದು, ಡ್ರಿಲ್ ಮೇಷ್ಟ್ರದು, ಅಜ್ಜಿಯದು. ಒಂದು ಸಾಲು ಹಿಡಿದದ್ದು ಇನ್ನೊಂದು ಸಾಲಿಗೆ ಹಬ್ಬಿ, ಇಡೀ ಸಭಾಂಗಣದ ಪಿಂಗಾಣಿ ಕಟಕಟ, ಕಿಣಿಕಿಣಿ, ಗಲಗಲ ಎಂದು ಕುಣಿಯತೊಡಗಿತು. ಕಷಾಯ ತೊಡೆಯ ಮೇಲೆ, ಸೆರಗಿನ ಮೇಲೆ, ನೆಲದ ಮೇಲೆ ತುಳುಕಿತು. ಮುಖಗಳು ಮಾತ್ರ ಹಾಗೇ, ಗುಮಾಸ್ತರು ನೋಡಿದ್ದರೆ ನಲವತ್ತನ್ನೂ ಬೋರ್ಡಿಗೆ ಅಂಟಿಸುವ ಹಾಗೆ. ಕೈ ನಡುಗದ ರೋಗಿಗಳೂ ಅಲ್ಲಿ ಐದಾರು ಜನ ಇದ್ದರು. ಅವರು ನಕ್ಕರೋ ಇಲ್ಲವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಕತ್ತರಿಯಮ್ಮ ಮೊದಲ ಸಾಲಿನತ್ತ ನೋಡಿದರು. ಮಾಮನ ಸಾಸರು ಎಲ್ಲರಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಅಂಗಿಯ ತೋಳು ಗಡಗಡ ಅಲ್ಲಾಡುತ್ತಿತ್ತು. ಆ ಅಲ್ಲಾಟವನ್ನು ಆಕೆ ಎಲ್ಲೋ ನೋಡಿದ್ದರು. ಎಲ್ಲೋ ಏನು, ಕೌಂಟರಿನ ಹಿಂದೆ ಕೂತು ವರ್ಷಗಟ್ಟಲೆ ನೋಡಿದ್ದರು. ಆಗಲೂ ಮುಖ ಕಂಡಿರಲಿಲ್ಲ. ಕಪ್ಪು ಬಟ್ಟೆ ಅಷ್ಟೇ ಕಂಡಿತ್ತು.

"ರೀ," ಎಂದರು ಮೈಕಿನಲ್ಲೇ, ಊರಿಗೆಲ್ಲ ಕೇಳುವ ಹಾಗೆ. "ನಗ್ತಿದ್ದೀರಾ?"

ಮಾಮ ಹೂಂ ಎನ್ನಲು ಬಾಯಿ ತೆರೆದರು. ದನಿ ಬರಲಿಲ್ಲ. ಸಾಸರು ಹೇಳಿತು.

ಕತ್ತರಿಯಮ್ಮನ ಕಣ್ಣಲ್ಲಿ ನೀರು ಬಂತು. ಆದರೆ ಮೈಕು ಕೈಯಲ್ಲಿದ್ದಾಗ ಅಳುತ್ತ ಕೂರುವ ಪೈಕಿ ಅಲ್ಲ ಅವರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮ ಭಾವ ಒಂದ್ಸಲ ಹಲ್ಲುಸೆಟ್ ತರೋಕೆ ಹೋಗಿದ್ರು" ಎಂದು ಶುರುಮಾಡಿದರು. 'ತೊಳೆದು ಕೊಡ್ತೀನಿ' ಎಂಬಲ್ಲಿಗೆ ಬರುವಷ್ಟರಲ್ಲಿ ಮೂರು ಕಪ್ ನೆಲಕ್ಕೆ ಬಿದ್ದು ಚೂರಾಗಿದ್ದವು. ಟೈ ಸಾಹೇಬರು ಕೈ ಮುಗಿದುಕೊಂಡು ಓಡಿಬಂದರು. "ಅಮ್ಮಾ, ದಮ್ಮಯ್ಯ, ನಿಲ್ಲಿಸಿ! ಕಷಾಯ ಕುಡಿದ ಮೇಲೆ ಇಷ್ಟು ನಡುಗಿದ್ರೆ ನನ್ನ ಕೆಲಸ ಹೋಗತ್ತೆ!"

"ಸುಮ್ನಿರಿ ಸಾರ್. ಸಭೆ ಈಗ ಶುರುವಾಗಿದೆ."

ಟೈ ಸಾಹೇಬರ ಕೆಲಸವೇನೂ ಹೋಗಲಿಲ್ಲ. ಹನ್ನೊಂದೂಕಾಲಕ್ಕೆ 'ಆಮೇಲೆ' ಫೋಟೋ ತೆಗೆಯುವ ಹೊತ್ತಿಗೆ ಡಾಕ್ಟರಮ್ಮನ ಮಾತ್ರೆ ಮಾಮನ ಮೈಗೆ ಹತ್ತಿ ಕೈ ತಕ್ಕಮಟ್ಟಿಗೆ ನಿಂತಿತ್ತು. ಪಟಗಳು ಕೆತ್ತಿದಷ್ಟು ಸ್ಪಷ್ಟವಾಗಿ ಬಂದವು. ಅವೇ ಅಂಗಿ, ಅವೇ ಸೀರೆ, ಸೀರೆಯ ಮೇಲೆ ಕಷಾಯದ ಹೊಸ ಕಲೆ. ಕಂಪನಿ ಅವನ್ನು ಅಕ್ಕಪಕ್ಕ ಇಟ್ಟು ಬಣ್ಣದ ಹಾಳೆ ಅಚ್ಚು ಹಾಕಿಸಿತು. ಇವತ್ತಿಗೂ ಅದು ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಹಾಳೆಯನ್ನು ಚೆನ್ನಾಗಿ ನೋಡಿದವರಿಗೆ ನಿಷ್ಕಂಪದಿಂದ ಪೂರ್ತಿ ಗುಣವಾದದ್ದು ಒಂದು ಕಂಬ ಮತ್ತು ಒಂದು ಗಡಿಯಾರ ಎಂಬುದು ತಿಳಿಯುತ್ತದೆ. ಉಳಿದ ಡಬ್ಬಗಳನ್ನು ಕತ್ತರಿಯಮ್ಮ ಹೊಲಿಗೆ ಅಜ್ಜಿಗೆ ಕೊಟ್ಟರು, ಗುಲಾಬಿಗಾಯಿತು ಎಂದು.

ಮನೆಯಲ್ಲಿ ಹೊಸ ವ್ಯವಸ್ಥೆ ಜಾರಿಗೆ ಬಂತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ತಮಾಷೆ ಹೇಳಿದರೆ ನಗು ಕಾಣುವುದಿಲ್ಲವಲ್ಲ? ಅದಕ್ಕೆ ಕತ್ತರಿಯಮ್ಮ ಸ್ಟುಡಿಯೋದ ಹಳೆಯ ಬೀಗದ ಕೈಗಳ ಗೊಂಚಲನ್ನು ಮಾಮನ ಎಡಗೈ ಬೆರಳಿಗೆ ಸಿಕ್ಕಿಸಿದರು. ಬೆಕ್ಕಿಗೆ ಗಂಟೆ ಕಟ್ಟಿದ ಹಾಗಾಯಿತು ಎಂದು ಮಾಮ ಗೊಣಗಿದರು. ಕೈ ಸಿಟ್ಟಿಗೂ ನಡುಗುತ್ತದೆ, ಹೆದರಿಕೆಗೂ ನಡುಗುತ್ತದೆ, ಸುಮ್ಮಸುಮ್ಮನೆಯೂ ನಡುಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಆದರೆ ನಗುವಿನ ತಾಳವೇ ಬೇರೆ ಎಂದು ಕತ್ತರಿಯಮ್ಮ ಸಾಧಿಸುತ್ತಾರೆ. ಆ ವಿಷಯದಲ್ಲಿ ಅವರಷ್ಟು ಅನುಭವ ಯಾವ ಕಂಪನಿಗೂ ಇಲ್ಲ. ನೋಟಿಸ್ ಬೋರ್ಡಿನ ಫೋಟೋದ ಮೇಲೆ ಇಷ್ಟು ದಿನ ಕೂಡಿಬಿದ್ದಿದ್ದ ತಮಾಷೆಗಳನ್ನೆಲ್ಲ ಅವರು ಎರಡೇ ದಿನದಲ್ಲಿ ಖರ್ಚು ಮಾಡಿದರು. ಮಾಮನ ಬೆರಳಿಗೆ ಗೊಂಚಲಿನ ಗಾಯವಾಗಿ ಪಟ್ಟಿ ಹಾಕಬೇಕಾಯಿತು.

ಮುಂದಿನ ತಿಂಗಳು ಡಾಕ್ಟರಮ್ಮ ಮಾಮನನ್ನು ನಡೆಸಿ ನೋಡಿದರು, ಬೆರಳು ಕೂಡಿಸಿ ಬಿಡಿಸಲು ಹೇಳಿದರು. "ಪುಡಿ ಬಿಟ್ಟಿದ್ದು ಒಳ್ಳೇದಾಯ್ತು. ನಡಿಗೆ ಪರವಾಗಿಲ್ಲ. ಎಡಗೈ ನಡುಕ ಮಾತ್ರ ಇನ್ನೂ ಇದೆ. ಮಾತ್ರೆ ಸ್ವಲ್ಪ ಜಾಸ್ತಿ ಮಾಡಿ ನೋಡೋಣ, ಅದನ್ನೂ ನಿಲ್ಲಿಸೋಕೆ ಆಗಬಹುದು" ಎಂದು ಪೆನ್ನು ತೆಗೆದರು.

"ಡಾಕ್ಟ್ರೇ, ಒಂದು ನಿಮಿಷ." ಕತ್ತರಿಯಮ್ಮ ಕುರ್ಚಿಯ ತುದಿಗೆ ಬಂದರು. "ನಡೆಯೋಕೆ, ನುಂಗೋಕೆ, ನಿದ್ದೆಗೆ ಏನೇನು ಬೇಕೋ ಎಲ್ಲಾ ಮಾಡಿ. ಆ ಎಡಗೈ ಹೆಬ್ಬೆರಳನ್ನ ಮಾತ್ರ ಪೂರ್ತಿ ನಿಲ್ಲಿಸ್ಬೇಡಿ. ಸ್ವಲ್ಪ ಬಿಡಿ."

"ಯಾಕಮ್ಮ?"

"ಅದು ನಂದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮಾಮನತ್ತ ತಿರುಗಿದರು. "ಕೈ ನಿಮ್ಮದು ಸಾರ್. ನೀವೇನಂತೀರಿ?"

ಮಾಮನ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಮೊಣಕಾಲಿನ ಮೇಲೆ ಬೀಗದ ಕೈಗಳ ಗೊಂಚಲು ಮೆಲ್ಲಗೆ ಗಲಗುಟ್ಟಿತು, ಆಮೇಲೆ ಜೋರಾಯಿತು, ಹೊರಗೆ ಕಾಯುತ್ತಿದ್ದವರು ಬಾಗಿಲತ್ತ ತಿರುಗಿ ನೋಡುವಷ್ಟು ಜೋರಾಯಿತು.

"ಒಪ್ಪಿದ್ರು" ಎಂದರು ಕತ್ತರಿಯಮ್ಮ, ಚೀಲ ಹೆಗಲಿಗೆ ಹಾಕಿಕೊಂಡು ಗಂಡನ ಇನ್ನೊಂದು ಕೈ ಹಿಡಿಯುತ್ತ.